ಡಿ ವರ್ಗದ ಆಂಪ್ಲಿಫಯರೂ ನಮ್ಮ ಮನೆಯ ಪಿಟೀಲೂ

ಸಣ್ಣ ಧ್ವನಿಯನ್ನು ದೊಡ್ಡದು ಮಾಡಬೇಕೆಂಬ ಆಸೆ ವಿದ್ಯುತ್ತಿಗಿಂತ ಹಳೆಯದು. ನಮ್ಮ ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲನ್ನು ಬಿಟ್ಟು ಏಳು ತಂತಿಯದನ್ನು ಕೈಗೆತ್ತಿಕೊಂಡದ್ದು ಚಮತ್ಕಾರಕ್ಕಾಗಿ ಅಲ್ಲ. ಮೈಕು ಬಳಕೆಗೆ ಬರುವ ಮೊದಲು ಸಭೆಯ ಕೊನೆಯ ಸಾಲಿನಲ್ಲಿ ಕುಳಿತವನಿಗೂ ನಾದ ಮುಟ್ಟಬೇಕೆಂಬುದಕ್ಕಾಗಿ. ಆ ಕೆಲಸವನ್ನು ಈಗ ಆಂಪ್ಲಿಫಯರು ಎಂಬ ಪೆಟ್ಟಿಗೆ ಮಾಡುತ್ತದೆ. ಆ ಪೆಟ್ಟಿಗೆಯ ಒಂದು ಜಾತಿಯನ್ನು ಕುರಿತು, ಅದರಿಂದ ನಮ್ಮ ಮನೆಯಲ್ಲಿ ಹುಟ್ಟಿದ ವ್ಯಾಜ್ಯವನ್ನು ಕುರಿತು, ಇಲ್ಲಿ ನಾಲ್ಕು ಮಾತು ಬರೆಯುತ್ತೇನೆ. ಇತಿಹಾಸ ಮತ್ತು ಅರ್ಥಶಾಸ್ತ್ರ ಓದತಕ್ಕವನಿಗೆ ಈ ಗೊಡವೆ ಏಕೆಂದು ಸಹಪಾಠಿಗಳಲ್ಲಿ ಕೆಲವರು ಆಗಲೇ ನಕ್ಕಿದ್ದಾರೆ. ನಗಲಿ, ಓದಿದ ಮೇಲೆ ನಕ್ಕರೆ ಇನ್ನೂ ಸಂತೋಷ.

ನಮ್ಮ ತಂದೆಯವರು ನಿವೃತ್ತ ಶಾಲಾ ಮಾಸ್ತರರು. ಸಂಜೆ ಆರಕ್ಕೆ ಕೈಕಾಲು ತೊಳೆದು ಬೆತ್ತದ ಕುರ್ಚಿಯಲ್ಲಿ ಕುಳಿತರೆ ಒಂದು ಗಂಟೆ ಪಿಟೀಲು ಕೇಳಿಯೇ ಏಳುವುದು ಅವರ ಪದ್ಧತಿ. ಅವರ ಬಳಿ ಬಹಳ ವರ್ಷಗಳಿಂದ ಒಂದು ಭಾರವಾದ ಆಂಪ್ಲಿಫಯರು ಇತ್ತು. ಅದು ಎಷ್ಟು ಕಾಯುತ್ತಿತ್ತೆಂದರೆ ಮಳೆಗಾಲದಲ್ಲಿ ನಮ್ಮ ಬೆಕ್ಕು ಅದರ ತಲೆಯ ಮೇಲೆಯೇ ಮಲಗುತ್ತಿತ್ತು. ಎರಡು ವರ್ಷಗಳ ಹಿಂದೆ ವಿದ್ಯುತ್ತಿನ ಏರಿಳಿತಕ್ಕೆ ಸಿಕ್ಕಿ ಅದರ ಟ್ರಾನ್ಸ್‌ಫಾರ್ಮರು ಸುಟ್ಟಿತು. ವಿದ್ಯಾರ್ಥಿವೇತನದ ಹಣ ಕೈಯಲ್ಲಿತ್ತು. ನಾನು ಅಂಗೈಯಗಲದ ಒಂದು ಡಿ ವರ್ಗದ ಹಲಗೆಯನ್ನು ತರಿಸಿ ಜೋಡಿಸಿಕೊಟ್ಟೆ. ತಂದೆಯವರು ಹತ್ತು ನಿಮಿಷ ಕೇಳಿದರು. "ಧ್ವನಿಯೇನೋ ಇದೆ, ಕಮಾನಿನ ಉಸಿರೇ ಇಲ್ಲವಲ್ಲ" ಎಂದು ಎದ್ದುಹೋದರು. ಮರುದಿನ ಕೇಳಲಿಲ್ಲ, ಅದರ ಮರುದಿನವೂ ಇಲ್ಲ. ಒಂದು ತಿಂಗಳು ನಮ್ಮ ಮನೆಯ ಸಂಜೆಗಳು ಮೂಕವಾದವು. ತಾಯಿಯವರು ನನ್ನನ್ನು ನೋಡುತ್ತಿದ್ದ ನೋಟದಲ್ಲಿ, ಏನೂ ಹೇಳದಿದ್ದರೂ, ಎಲ್ಲವೂ ಇತ್ತು.

ಈ ಡಿ ಎಂದರೇನೆಂಬುದನ್ನು ಮೊದಲು ತಿಳಿಸಬೇಕು. ಅದು ಡಿಜಿಟಲ್ ಎಂಬುದರ ಮೊದಲಕ್ಷರವೆಂದು ಅನೇಕರ ನಂಬಿಕೆ. ನನ್ನದೂ ಹಾಗೆಯೇ ಇತ್ತು. ಅದು ತಪ್ಪು. ಆಂಪ್ಲಿಫಯರುಗಳಿಗೆ ವರ್ಗ ಕಟ್ಟಿದವರು ಎ, ಬಿ, ಸಿ ಎಂದು ಕ್ರಮವಾಗಿ ಅಕ್ಷರ ಕೊಟ್ಟು ಬಂದರು. ಮುಂದಿನದಕ್ಕೆ ಮುಂದಿನ ಅಕ್ಷರ ಬಂತು, ಅಷ್ಟೆ. ಎ ವರ್ಗದಲ್ಲಿ ವಾಲ್ವು ಅಥವಾ ಟ್ರಾನ್ಸಿಸ್ಟರು ಹಾಡು ಇರಲಿ ಬಿಡಲಿ, ಸದಾ ಕರೆಂಟನ್ನು ಹರಿಸುತ್ತಲೇ ಇರುತ್ತದೆ. ನಾದ ನಿರ್ಮಲ, ಆದರೆ ತೆಗೆದುಕೊಂಡ ಶಕ್ತಿಯ ಹೆಚ್ಚು ಪಾಲು ಬಿಸಿಯಾಗಿ ಹೋಗುತ್ತದೆ. ಬಿ ವರ್ಗದಲ್ಲಿ ಇಬ್ಬರು ಕೂಲಿಗಳು. ಅಲೆಯ ಮೇಲರ್ಧ ಒಬ್ಬನಿಗೆ, ಕೆಳಗರ್ಧ ಇನ್ನೊಬ್ಬನಿಗೆ. ಲೆಕ್ಕದ ಪ್ರಕಾರ ಇದರ ದಕ್ಷತೆ ನೂರಕ್ಕೆ 78.5ರ ವರೆಗೆ ಏರಬಹುದು, ಅದೂ ಪೂರ್ಣ ಶಕ್ತಿಯಲ್ಲಿ. ಒಬ್ಬನು ಬಿಟ್ಟು ಇನ್ನೊಬ್ಬನು ಹಿಡಿಯುವ ಸಂದಿಯಲ್ಲಿ ಅಲೆ ಸೊಟ್ಟಗಾಗುವುದರಿಂದ ಇಬ್ಬರನ್ನೂ ಸ್ವಲ್ಪ ಸ್ವಲ್ಪ ಎಚ್ಚರವಾಗಿಡುವ ರಾಜಿಯ ಕ್ರಮವೊಂದುಂಟು. ಅದೇ ಎಬಿ ವರ್ಗ. ತಂದೆಯವರ ಹಳೆಯ ಪೆಟ್ಟಿಗೆ ಈ ಜಾತಿಯದು. ಸಿ ವರ್ಗ ರೇಡಿಯೋ ಪ್ರಸಾರದ ಯಂತ್ರಗಳಿಗೆ ಸೇರಿದ್ದು, ಸಂಗೀತಕ್ಕೆ ಸಲ್ಲದು.

ಡಿ ವರ್ಗದ ದಾರಿಯೇ ಬೇರೆ. ಇದರಲ್ಲಿ ಟ್ರಾನ್ಸಿಸ್ಟರು ನಲ್ಲಿಯಂತೆ ಅರ್ಧಂಬರ್ಧ ತೆರೆದುಕೊಳ್ಳುವುದೇ ಇಲ್ಲ. ಒಂದೋ ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ಪೂರ್ತಿ ತೆರೆದಾಗ ಅದರ ಮೈಮೇಲೆ ವೋಲ್ಟೇಜು ಇಲ್ಲ, ಮುಚ್ಚಿದಾಗ ಕರೆಂಟು ಇಲ್ಲ. ಎರಡರ ಗುಣಲಬ್ಧವೇ ಬಿಸಿಯಾದುದರಿಂದ ಎರಡೂ ಸಂದರ್ಭಗಳಲ್ಲಿ ಬಿಸಿಯಿಲ್ಲ. ಲೆಕ್ಕದಲ್ಲಿ ದಕ್ಷತೆ ನೂರಕ್ಕೆ ನೂರು. ವ್ಯವಹಾರದಲ್ಲಿ ತೊಂಬತ್ತರ ಸುತ್ತಮುತ್ತ. ಹೀಗೆ ತೆರೆದು ಮುಚ್ಚುವ ಯಂತ್ರದಿಂದ ಪಿಟೀಲಿನ ಗಮಕ ಹೊರಡುವುದಾದರೂ ಹೇಗೆ?

ಒಂದು ತ್ರಿಕೋಣಾಕಾರದ ಅಲೆಯನ್ನು ಸೆಕೆಂಡಿಗೆ 4 ಲಕ್ಷ ಸಲ ಹುಟ್ಟಿಸುತ್ತಾರೆಂದು ಇಟ್ಟುಕೊಳ್ಳೋಣ. ಸಂಗೀತದ ಅಲೆಯನ್ನು ಅದರ ಪಕ್ಕದಲ್ಲಿ ಹಿಡಿದು, ಸಂಗೀತದ ಅಲೆ ಮೇಲಿರುವಷ್ಟು ಹೊತ್ತು ಟ್ರಾನ್ಸಿಸ್ಟರನ್ನು ತೆರೆ, ಕೆಳಗಿರುವಷ್ಟು ಹೊತ್ತು ಮುಚ್ಚು ಎಂದು ಅಪ್ಪಣೆ ಮಾಡುತ್ತಾರೆ. ಸಂಗೀತದ ಅಲೆ ಮೇಲಕ್ಕೆ ಹೋದಾಗ ತೆರೆದ ಹೊತ್ತು ಅಗಲವಾಗುತ್ತದೆ, ಕೆಳಕ್ಕೆ ಬಂದಾಗ ಕಿರಿದಾಗುತ್ತದೆ. ಸೆಕೆಂಡಿಗೆ 1,000 ಕಂಪನಗಳ ಸ್ವರದ ಒಂದೊಂದು ಕಂಪನಕ್ಕೂ ಇಂಥ 400 ಮಿಡಿತಗಳು ಸಿಕ್ಕುತ್ತವೆ. ಮಿಡಿತದ ಅಗಲ ಎಷ್ಟು ಬೇಕಾದರೂ ಸೂಕ್ಷ್ಮವಾಗಿ ಬದಲಾಗಬಲ್ಲದು; ಅಂಕಿಗಳಿಗೆ ಇಳಿಸುವ ಪ್ರಶ್ನೆ ಇಲ್ಲಿ ಬಾರದು. ಆದ್ದರಿಂದಲೇ ಇದನ್ನು ಡಿಜಿಟಲ್ ಎಂದು ಕರೆದು ನಾದವನ್ನು ತುಂಡು ತುಂಡು ಮಾಡುತ್ತದೆಂದು ದೂರುವುದು ನ್ಯಾಯವಲ್ಲ. ಕೊನೆಯಲ್ಲಿ ಒಂದು ತಂತಿಯ ಸುರುಳಿ, ಒಂದು ಕಂಡೆನ್ಸರು ಸೇರಿ ಸೋಸುಕದ ಕೆಲಸ ಮಾಡುತ್ತವೆ. ಮಿಡಿತಗಳ ಗಲಭೆ ಅಲ್ಲಿ ನಿಂತುಹೋಗಿ ಅವುಗಳ ಸರಾಸರಿ ಮಾತ್ರ, ಅಂದರೆ ಸಂಗೀತ ಮಾತ್ರ, ಲೌಡ್‌ಸ್ಪೀಕರಿಗೆ ಹೋಗುತ್ತದೆ. ಈ ಸುರುಳಿ ಮತ್ತು ಕಂಡೆನ್ಸರನ್ನು ವಾಚಕರು ನೆನಪಿನಲ್ಲಿಡಬೇಕು. ವ್ಯಾಜ್ಯದ ಮೂಲ ಅಲ್ಲಿಯೇ ಇದೆ.

ಕಲ್ಪನೆ ಹೊಸದಲ್ಲ. ಬ್ರಿಟನ್ನಿನ ಅಲೆಕ್ ರೀವ್ಸ್ ಎಂಬ ಎಂಜಿನಿಯರರು 1950ರ ದಶಕದಲ್ಲೇ ಇದನ್ನು ಸೂಚಿಸಿದ್ದರು. 1964ರಲ್ಲಿ ಅಲ್ಲಿಯ ಸಿಂಕ್ಲೇರ್ ಕಂಪನಿ ಎಕ್ಸ್-10 ಎಂಬ ಹೆಸರಿನಲ್ಲಿ ಮನೆಯಲ್ಲೇ ಜೋಡಿಸಿಕೊಳ್ಳತಕ್ಕ ಒಂದು ಡಿ ವರ್ಗದ ಆಂಪ್ಲಿಫಯರನ್ನು ಮಾರಿತು. ಆದರೆ ಅಂದಿನ ಟ್ರಾನ್ಸಿಸ್ಟರುಗಳಿಗೆ ಅಷ್ಟು ಬೇಗ ತೆರೆದು ಮುಚ್ಚುವ ಚುರುಕುತನ ಇರಲಿಲ್ಲ. ಕಲ್ಪನೆ ಸರಿ, ಕೈಕಾಲು ಸಾಲದು. ಮಾಸ್‌ಫೆಟ್ ಎಂಬ ಹೊಸ ಬಗೆಯ ಟ್ರಾನ್ಸಿಸ್ಟರು ಬಂದ ಮೇಲೆ 1978ರಲ್ಲಿ ಜಪಾನಿನ ಸೋನಿ ಕಂಪನಿ ಒಂದು ಒಳ್ಳೆಯ ಯಂತ್ರವನ್ನು ಹೊರತಂದಿತು. ನಿಜವಾದ ಬೆಳವಣಿಗೆ ಕಂಡದ್ದು 1990ರ ದಶಕದ ಕೊನೆಗೆ. ಇಂದು ನಮ್ಮ ಜೇಬಿನ ಫೋನಿನಲ್ಲಿ, ಗೋಡೆಯ ಟೆಲಿವಿಷನ್ನಿನಲ್ಲಿ ಸ್ಪೀಕರನ್ನು ನಡೆಸುವುದು ಬಹುಮಟ್ಟಿಗೆ ಈ ವರ್ಗದ ಆಂಪ್ಲಿಫಯರೇ. ಆದರೂ ಮೊದಲಿನ ಅಪಕೀರ್ತಿ ಪೂರ್ತಿ ಅಳಿದಿಲ್ಲ. ಸಬ್‌ವೂಫರಿಗೆ ಆದೀತು, ಸಂಗೀತಕ್ಕೆ ಆಗದು ಎಂಬ ಮಾತನ್ನು ರಿಪೇರಿ ಅಂಗಡಿಗಳಲ್ಲಿ ನಾನೇ ಕೇಳಿದ್ದೇನೆ.

ಮತ್ತೆ ಮನೆಯ ಕಥೆಗೆ ಬರುತ್ತೇನೆ. ನಾನು ಸಿಕ್ಕಿದ್ದನ್ನೆಲ್ಲ ಓದಿ, ಒಳ್ಳೆಯ ಆಂಪ್ಲಿಫಯರುಗಳಲ್ಲಿ ಕಿವಿಗೆ ಗೊತ್ತಾಗುವ ಭೇದವೇ ಇಲ್ಲ, ಇದ್ದಂತೆ ತೋರುವುದು ಮನಸ್ಸಿನ ಆಟ ಎಂಬ ತೀರ್ಮಾನಕ್ಕೆ ಬಂದೆ. ಇದನ್ನು ತಂದೆಯವರಿಗೆ ವಿನಯವಿಲ್ಲದೆ ಹೇಳಿದೆನೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಅವರು, "ನಿನ್ನ ಪುಸ್ತಕ ಕೇಳಿಸಿಕೊಳ್ಳುತ್ತದೆಯೇನು?" ಎಂದರು. ಅಷ್ಟರಲ್ಲಿ ಹಳೆಯ ಪೆಟ್ಟಿಗೆಯ ಟ್ರಾನ್ಸ್‌ಫಾರ್ಮರಿಗೆ ಹೊಸ ತಂತಿ ಸುತ್ತಿಸಿದ್ದಾಯಿತು. ಎರಡೂ ಯಂತ್ರಗಳು ಒಟ್ಟಿಗೆ ಸಿಕ್ಕಿದುದರಿಂದ, ಪರೀಕ್ಷೆಯೇ ಆಗಲಿ ಎಂದು ನಿಶ್ಚಯಿಸಿದೆ.

ಪರೀಕ್ಷೆ ಎಂದರೆ ಸುಲಭವಲ್ಲ. ಎರಡು ಧ್ವನಿಗಳಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೆ ಕಿವಿ ಅದನ್ನು ಜೋರು ಎಂದು ಗುರುತಿಸದೆ ಇಂಪು ಎಂದು ಗುರುತಿಸುತ್ತದೆ. ನಮ್ಮ ಊರಿನ ಇನ್ನೊಂದು ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಒಂದು ಭಾನುವಾರ ತಮ್ಮ ಆಸಿಲೋಸ್ಕೋಪನ್ನು ಹೊತ್ತು ತಂದರು. ಸೆಕೆಂಡಿಗೆ 1,000 ಕಂಪನಗಳ ಸ್ವರವೊಂದನ್ನು ಹಾಕಿ ನೋಡಿದರೆ, ಸಮವೆಂದು ನಾನು ಕಿವಿಯಿಂದ ಹೊಂದಿಸಿಟ್ಟಿದ್ದ ಜಾಗದಲ್ಲಿ ಹೊಸ ಹಲಗೆ 2 ವೋಲ್ಟು ಕೊಡುತ್ತಿದ್ದರೆ ಹಳೆಯದು 2.25 ಕೊಡುತ್ತಿತ್ತು. ಒಂದು ಡೆಸಿಬೆಲ್ಲಿನ ವ್ಯತ್ಯಾಸ! ತಂದೆಯವರ ಆಕ್ಷೇಪಣೆಯ ಗುಟ್ಟು ಇದೇ ಎಂದು ನಾನು ಒಳಗೊಳಗೇ ಹಿಗ್ಗಿದೆ. ಎರಡನ್ನೂ 2 ವೋಲ್ಟಿಗೆ ತಂದು ನಿಲ್ಲಿಸಿದೆವು.

ಸ್ಪೀಕರನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ಸ್ವಿಚ್ಚಿನ ವಿಷಯದಲ್ಲಿ ಒಂದು ಎಚ್ಚರಿಕೆ. ಅನೇಕ ಡಿ ವರ್ಗದ ಹಲಗೆಗಳಲ್ಲಿ ಸ್ಪೀಕರಿನ ಎರಡು ತಂತಿಗಳೂ ಜೀವಂತ. ಯಾವುದೂ ನೆಲಕ್ಕೆ ಸೇರಿದ್ದಲ್ಲ. ಕಪ್ಪು ತಂತಿ ಎಲ್ಲಕ್ಕೂ ಒಂದೇ ಎಂದು ತಿಳಿದು ಎರಡು ಯಂತ್ರಗಳದನ್ನೂ ಜೋಡಿಸಿಬಿಟ್ಟರೆ ಹಲಗೆ ಸುಡುವುದು ಖಂಡಿತ. ಎರಡು ತಂತಿಗಳನ್ನೂ ಒಮ್ಮೆಗೇ ಬದಲಿಸುವ ಸ್ವಿಚ್ಚನ್ನೇ ಹಾಕಬೇಕು.

ತಂಗಿ ಒಳಕೋಣೆಯಲ್ಲಿ ಕುಳಿತು ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಸ್ವಿಚ್ಚು ತಿರುಗಿಸಿ, ಕಾಗದದ ಮೇಲೆ ಬರೆದುಕೊಳ್ಳಬೇಕು. ಹೊರಗೆ ಕುಳಿತ ನನಗಾಗಲಿ ತಂದೆಯವರಿಗಾಗಲಿ ಅವಳ ಮುಖ ಕಾಣಬಾರದು. ಮುಖ ಎಷ್ಟೋ ಸಲ ಗುಟ್ಟನ್ನು ಬಿಟ್ಟುಕೊಡುತ್ತದೆ. ಒಟ್ಟು 16 ಸರದಿ. ಕಣ್ಣುಮುಚ್ಚಿ ಊಹಿಸಿದವನಿಗೂ ಎಂಟರ ಸುಮಾರು ಸರಿಯಾಗುವುದು ಸಹಜ. ಹನ್ನೆರಡು ಅಥವಾ ಅದಕ್ಕೂ ಹೆಚ್ಚು ಬರಿಯ ಊಹೆಯಿಂದ ಸರಿಯಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆ. ಇಷ್ಟು ಸಂಖ್ಯಾಶಾಸ್ತ್ರ ನಮ್ಮ ಅರ್ಥಶಾಸ್ತ್ರದ ಪತ್ರಿಕೆಯಲ್ಲೇ ಉಂಟು.

ನಾನು ಮೊದಲು ಕುಳಿತೆ. 16ರಲ್ಲಿ 9 ಸರಿ. ಅಂದುಕೊಂಡಂತೆಯೇ ಆಯಿತೆಂದು ಕುರ್ಚಿ ಬಿಟ್ಟುಕೊಟ್ಟೆ. ತಂದೆಯವರು ಅವಸರ ಮಾಡಲಿಲ್ಲ. ಎರಡು ಸಂಜೆ ತೆಗೆದುಕೊಂಡರು. ಒಂದೊಂದು ಸರದಿಗೂ ಅದೇ ಆಲಾಪನೆಯ ತುಣುಕನ್ನು ಮೂರು ನಾಲ್ಕು ಸಲ ಹಾಕಿಸಿಕೊಂಡರು. ಎರಡನೆಯ ಸಂಜೆ ತಂಗಿ ಕಾಗದ ಹಿಡಿದು ಹೊರಗೆ ಬಂದಾಗ 16ರಲ್ಲಿ 14 ಸರಿಯಾಗಿತ್ತು.

ನಾನು ಏನೂ ಮಾತನಾಡಲಿಲ್ಲ. ಅವರೂ ಗೆದ್ದೆನೆಂದು ಹೇಳಲಿಲ್ಲ. "ಹೊಸದರಲ್ಲಿ ಕಮಾನು ತಂತಿಗೆ ತಗಲುವ ಸದ್ದು ದೂರ ಹೋಗುತ್ತದೆ" ಎಂದು ಮಾತ್ರ ಅಂದು, ಇನ್ನೊಂದು ವಿಷಯವನ್ನೂ ತಿಳಿಸಿದರು. ಚೌಡಯ್ಯನವರ ಹಳೆಯ ತಟ್ಟೆಗಳಿಂದ ಇಳಿಸಿಕೊಂಡ ಸಂಗೀತದಲ್ಲಿ ತಮಗೆ ಭೇದವೇ ಗೊತ್ತಾಗುವುದಿಲ್ಲವಂತೆ. ಇತ್ತೀಚಿನ ಧ್ವನಿಮುದ್ರಿಕೆಗಳಲ್ಲಿ ಮಾತ್ರ ಗೊತ್ತಾಗುವುದಂತೆ. ಈ ಮಾತಿನಿಂದಲೇ ನನಗೆ ಎಳೆ ಸಿಕ್ಕಿತು. 78 ಸುತ್ತಿನ ಹಳೆಯ ತಟ್ಟೆಗಳಲ್ಲಿ ಅತಿ ಮೇಲಿನ ಕಂಪನಗಳು ಹೆಚ್ಚಾಗಿ ಇರುವುದಿಲ್ಲ. ಇಲ್ಲದ್ದು ಕಳೆದುಹೋದರೆ ಯಾರಿಗೆ ತಿಳಿದೀತು? ಹಾಗಾದರೆ ಹೊಸ ಹಲಗೆ ಕಳೆಯುತ್ತಿರುವುದು ಮೇಲಿನ ಕಂಪನಗಳನ್ನೇ ಇರಬೇಕು.

ಮುಂದಿನ ಭಾನುವಾರ ಆಸಿಲೋಸ್ಕೋಪು ಮತ್ತೆ ಬಂತು. ಈ ಸಲ ಸ್ಪೀಕರನ್ನು ಜೋಡಿಸಿಟ್ಟೇ ಸೆಕೆಂಡಿಗೆ 10,000 ಕಂಪನಗಳ ಸ್ವರ ಹಾಕಿ ಅದರ ತುದಿಯಲ್ಲಿ ಅಳೆದೆವು. ಹಳೆಯ ಯಂತ್ರ 2 ವೋಲ್ಟಿನಲ್ಲೇ ನಿಂತಿತ್ತು. ಹೊಸದು 1.7ಕ್ಕೆ ಇಳಿದಿತ್ತು. ಅಧ್ಯಾಪಕರು ಸ್ಪೀಕರಿನ ಪೆಟ್ಟಿಗೆಯನ್ನು ತಿರುಗಿಸಿ ಹಿಂಬದಿಯ ಧೂಳೊರೆಸಿದರು. ಅಲ್ಲಿ 4 ಓಮ್ ಎಂದು ಅಚ್ಚಾಗಿತ್ತು. ಹಲಗೆಯ ಜೊತೆಗೆ ಬಂದ ಕಾಗದದಲ್ಲಿ ಇದು 8 ಓಮ್ ಸ್ಪೀಕರಿಗಾಗಿ ಎಂದು ಬರೆದೇ ಇತ್ತು. ಒಂದು ತಿಂಗಳ ಮೂಕ ಸಂಜೆಗಳಿಗೆ ಕಾರಣ ಇಷ್ಟೆ. ಎರಡು ಕಡೆ ಬರೆದಿದ್ದುದನ್ನು ನಾನು ಓದಿರಲಿಲ್ಲ.

ಇದರ ಲೆಕ್ಕ ಮನದಟ್ಟಾಗುವಂಥದು. ಸುರುಳಿಯೂ ಕಂಡೆನ್ಸರೂ ಸೇರಿದ ಸೋಸುಕ ತಾನಾಗಿಯೇ ಸೋಸುವುದಿಲ್ಲ. ಸ್ಪೀಕರಿನ ರೋಧವೂ ಅದರ ಮೂರನೆಯ ಅಂಗ. ಸೆಕೆಂಡಿಗೆ 40,000 ಕಂಪನಗಳ ಗಡಿ ಇಟ್ಟು 8 ಓಮಿಗೆ ಸರಿಯಾಗಿ ಕಟ್ಟಿದ ಸೋಸುಕ, ಕಿವಿಯ ಎಲ್ಲೆಯಾದ 20,000ದ ಬಳಿ ಕಾಲು ಡೆಸಿಬೆಲ್ಲಿನಷ್ಟು ಮಾತ್ರ ಇಳಿಯುತ್ತದೆ. ಅದಕ್ಕೇ 4 ಓಮಿನ ಸ್ಪೀಕರನ್ನು ಕಟ್ಟಿದರೆ ಅದೇ ಜಾಗದಲ್ಲಿ 4 ಡೆಸಿಬೆಲ್ಲು, 10,000ದ ಬಳಿ ಸುಮಾರು ಒಂದೂವರೆ ಡೆಸಿಬೆಲ್ಲು ಕುಸಿಯುತ್ತದೆ. 16 ಓಮನ್ನು ಕಟ್ಟಿದರೆ ವಿಪರೀತ. 20,000ದ ಬಳಿ ಒಂದೂವರೆಗಿಂತ ಹೆಚ್ಚೇ ಏರುತ್ತದೆ. ಮೇಲಾಗಿ, ಸ್ಪೀಕರಿನ ಬೆನ್ನಿನ ಮೇಲೆ ಅಚ್ಚಾದ ಅಂಕಿ ಹೆಸರಿಗೆ ಮಾತ್ರ. ಅದರ ನಿಜವಾದ ರೋಧ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಆದ್ದರಿಂದ ಒಂದೇ ಹಲಗೆ ಒಬ್ಬರ ಮನೆಯಲ್ಲಿ ಮಂಕಾಗಿಯೂ ಇನ್ನೊಬ್ಬರ ಮನೆಯಲ್ಲಿ ಕಿರಿಚುವಂತೆಯೂ ಕೇಳಿಸಬಹುದು. ಇಬ್ಬರೂ ಡಿ ವರ್ಗವನ್ನು ಬೈಯುತ್ತಾರೆ. ಬೈಗುಳ ಮಾತ್ರ ಒಂದಕ್ಕೊಂದು ಹೊಂದುವುದಿಲ್ಲ. ಈ ವರ್ಗದ ನಾದವನ್ನು ಕುರಿತ ಜಗಳಗಳಲ್ಲಿ ಒಂದು ದೊಡ್ಡ ಪಾಲು ಹೀಗೆಯೇ ಹುಟ್ಟಿರಬೇಕೆಂದು ನನ್ನ ಅಭಿಪ್ರಾಯ.

ಇದಕ್ಕೆ ಪರಿಹಾರವಿಲ್ಲವೇ ಎಂದರೆ, ಉಂಟು. ಹೊರಗೆ ಹೋದ ಅಲೆಯ ಸ್ವಲ್ಪ ಪಾಲನ್ನು ಹಿಂದಕ್ಕೆ ತಂದು ಒಳಗೆ ಬಂದ ಅಲೆಯೊಡನೆ ಹೋಲಿಸಿ, ತಪ್ಪಿದ್ದರೆ ತಿದ್ದಿಕೊಳ್ಳುವ ಏರ್ಪಾಡಿಗೆ ಫೀಡ್‌ಬ್ಯಾಕು ಎನ್ನುತ್ತಾರೆ. ಅಗ್ಗದ ಹಲಗೆಗಳಲ್ಲಿ ಈ ಪಾಲನ್ನು ಸೋಸುಕಕ್ಕಿಂತ ಮೊದಲೇ ತೆಗೆದುಕೊಳ್ಳುವುದರಿಂದ ಸೋಸುಕ ಮಾಡುವ ತಪ್ಪು ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಪತ್ರವನ್ನು ಅಂಚೆಗೆ ಹಾಕುವ ಮೊದಲು ತಿದ್ದಿದಂತೆ, ದಾರಿಯಲ್ಲಿ ಮಳೆಗೆ ನೆನೆದರೆ ಬರೆದವನಿಗೆ ತಿಳಿಯದು. ಸೋಸುಕದ ಆಚೆಯಿಂದ ಫೀಡ್‌ಬ್ಯಾಕು ತೆಗೆಯುವುದು ಕಷ್ಟದ ಕೆಲಸ. ಸ್ವಲ್ಪ ತಪ್ಪಿದರೂ ಯಂತ್ರ ತಾನೇ ತಾನಾಗಿ ಕೂಗತೊಡಗುತ್ತದೆ. ಬೆಲ್ಜಿಯಮಿನ ಬ್ರೂನೊ ಪುಟ್ಜೀಸ್ ಎಂಬ ಎಂಜಿನಿಯರರು ಫಿಲಿಪ್ಸ್ ಕಂಪನಿಯಲ್ಲಿದ್ದಾಗ, ಈ ಶತಮಾನದ ಮೊದಲ ವರ್ಷಗಳಲ್ಲಿ, ಆ ಕೂಗುವ ಗುಣವನ್ನೇ ಉಪಾಯವಾಗಿ ಬಳಸಿಕೊಂಡರು. ಯಂತ್ರ ಕೂಗುವುದಾದರೆ ಕೂಗಲಿ, ಆ ಕೂಗೇ ತೆರೆದು ಮುಚ್ಚುವ ತಾಳವಾಗಲಿ ಎಂಬುದು ಅವರ ಯೋಚನೆ. ಅಂಥ ಆಂಪ್ಲಿಫಯರಿಗೆ 4 ಓಮಾದರೇನು, 8 ಓಮಾದರೇನು, ಮೇಲಿನ ಸ್ವರ ಬಹುತೇಕ ಅಲುಗುವುದಿಲ್ಲ. ಇದನ್ನು ಓದಿದಾಗ ನನಗೆ ಆದ ಸಂತೋಷ ಒಂದು ಒಳ್ಳೆಯ ಕೀರ್ತನೆ ಕೇಳಿದ ಸಂತೋಷಕ್ಕಿಂತ ಕಡಿಮೆಯದಲ್ಲ.

ಉಳಿದ ದೋಷಗಳೂ ಇವೆ. ಒಂದು ಟ್ರಾನ್ಸಿಸ್ಟರು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು. ಎರಡೂ ಒಟ್ಟಿಗೆ ತೆರೆದರೆ ವಿದ್ಯುತ್ತು ನೇರವಾಗಿ ನುಗ್ಗಿ ಸುಟ್ಟುಹಾಕುತ್ತದೆ. ಅದಕ್ಕಾಗಿ ನಡುವೆ ಬಿಡುವ ಕ್ಷಣಮಾತ್ರದ ಅಂತರದಿಂದ ಅಲೆ ತುಸು ವಿಕಾರಗೊಳ್ಳುತ್ತದೆ. ಫೀಡ್‌ಬ್ಯಾಕು ಇಲ್ಲದಿದ್ದರೆ ವಿದ್ಯುತ್ ಸರಬರಾಜಿನ ಏರಿಳಿತವೆಲ್ಲ ಹಾಡಿನ ಮೇಲೆ ಅಚ್ಚೊತ್ತುತ್ತದೆ. ಇವುಗಳನ್ನು ಒಳ್ಳೆಯ ತಯಾರಕರು ಬಹಳ ಮಟ್ಟಿಗೆ ಗೆದ್ದಿದ್ದಾರೆ.

ನಮ್ಮ ಬಡ ಹಲಗೆಗೆ ಪುಟ್ಜೀಸರ ಉಪಾಯ ಒದಗದು. ಅಧ್ಯಾಪಕರು ಹೇಳಿದಂತೆ 47 ಮೈಕ್ರೋಹೆನ್ರಿಯ ಸುರುಳಿಗಳನ್ನು ಬಿಚ್ಚಿ 22ರವನ್ನು ಹಾಕಿದೆ, 0.33 ಮೈಕ್ರೋಫ್ಯಾರಡಿನ ಕಂಡೆನ್ಸರುಗಳಿದ್ದ ಜಾಗಕ್ಕೆ 0.68ರವನ್ನು ಹಾಕಿದೆ. ಸುರುಳಿ ಅರ್ಧ, ಕಂಡೆನ್ಸರು ಎರಡರಷ್ಟು. ಸೋಸುಕದ ಗಡಿ ಇದ್ದಲ್ಲೇ ಉಳಿದು, ಅದು 4 ಓಮಿಗೆ ಹೊಂದಿಕೊಳ್ಳುತ್ತದೆ. ಖರ್ಚು ಒಂದು ಊಟದಷ್ಟೂ ಆಗಲಿಲ್ಲ. ಬೆಸುಗೆ ಹಾಕುವಾಗ ಬೆರಳು ಸುಟ್ಟುಕೊಂಡದ್ದು ಬೇರೆ ಮಾತು.

ಮತ್ತೆ ಅಳೆದೆವು. 10,000 ಕಂಪನಗಳಲ್ಲಿ ಎರಡು ಯಂತ್ರಗಳೂ ಸಮ. ತಂಗಿ ಗೊಣಗುತ್ತಲೇ ಮತ್ತೆ ನಾಣ್ಯ ಹಿಡಿದಳು. ತಂದೆಯವರು ಮತ್ತೆ ಎರಡು ಸಂಜೆ ಕುಳಿತರು. ಈ ಸಲ 16ರಲ್ಲಿ 7 ಸರಿ. ಕಾಗದವನ್ನು ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ನೋಡಿ, ಕನ್ನಡಕ ತೆಗೆದಿಟ್ಟು, "ಈಗ ಯಾವುದು ಹಾಡುತ್ತಿದೆ?" ಎಂದು ಕೇಳಿದರು. ಹೊಸದು ಎಂದೆ. "ಇರಲಿ, ಹಾಗೇ ಬಿಡು" ಎಂದರು. ಅಂದಿನಿಂದ ಆರು ಗಂಟೆಯ ಪಿಟೀಲು ತಪ್ಪಿಲ್ಲ. ಕರೆಂಟು ಹೋದಾಗಲೂ ಇನ್ವರ್ಟರಿನ ಮೇಲೆ ನಡೆಯುತ್ತದೆ. ಹಳೆಯದಕ್ಕೆ ಅದು ಸಾಧ್ಯವಿರಲಿಲ್ಲ. ಸುಮ್ಮನೆ ಕುಳಿತಿದ್ದರೂ ಅದು ಬ್ಯಾಟರಿಯನ್ನು ಹೀರಿಬಿಡುತ್ತಿತ್ತು.

ತಾಯಿಯವರ ದೂರೊಂದು ಮಾತ್ರ ಇನ್ನೂ ಪೂರ್ತಿ ತೀರಿಲ್ಲ. ಹಲಗೆಯ 4 ಲಕ್ಷದ ಮಿಡಿತಕ್ಕೆ ಎರಡರಷ್ಟು, ಮೂರರಷ್ಟು ವೇಗದ ಮರಿಗಳೂ ಹುಟ್ಟುತ್ತವೆ. 8 ಲಕ್ಷ ಮತ್ತು 12 ಲಕ್ಷ ಎಂದರೆ ಸರಿಯಾಗಿ ರೇಡಿಯೋದ ಮಧ್ಯಮ ತರಂಗದ ನಡುವಿಗೇ ಬಂದು ಬೀಳುತ್ತವೆ. ಆಂಪ್ಲಿಫಯರು ಹಚ್ಚಿದೊಡನೆ ಅಡಿಗೆಮನೆಯ ರೇಡಿಯೋ ಜೇನುಗೂಡಿನಂತೆ ಗುಂಯ್ಗುಡುತ್ತಿತ್ತು. ಹಲಗೆಯನ್ನು ತಗಡಿನ ಡಬ್ಬಿಯಲ್ಲಿಟ್ಟು, ಸ್ಪೀಕರಿನ ತಂತಿಗಳನ್ನು ಮೋಟು ಮಾಡಿ ಒಂದಕ್ಕೊಂದು ಹೆಣೆದ ಮೇಲೆ ಬಹಳ ಕಡಿಮೆಯಾಗಿದೆ. ಉಳಿದದ್ದಕ್ಕಾಗಿ ರೇಡಿಯೋವನ್ನು ಆಚೆಯ ಗೋಡೆಯ ಗೂಡಿಗೆ ಸರಿಸಿದ್ದೇನೆ. ಡಬ್ಬಿ ಕೈಗೆ ತಣ್ಣಗಿರುತ್ತದೆ. ಬೆಕ್ಕು ಎರಡು ದಿನ ಅದರ ಮೇಲೆ ಕುಳಿತು ನೋಡಿ, ಈಗ ಒಲೆಯ ಪಕ್ಕಕ್ಕೆ ಹೋಗಿದೆ.